ಸ್ಪಂಜಣ್ಣ ಅತ್ತಿದ್ದು

ಸ್ಪಂಜಣ್ಣ ಎಂದರೆ ನಿಮಗೆ ಥಟ್ಟನೆ ನೆನಪಾಗುತ್ತದೆ. ಟೀವಿಯಲ್ಲಿ ಮಂಡಿಯೂರಿ ಕೂತು, ಹುಡುಗಿ ಬೇಡ ಎಂದ ಕೂಡಲೇ ಜೇಬಿನಿಂದ ಹಳದಿ ಸ್ಪಂಜಿನ ಚೂರು ತೆಗೆದು ಕಣ್ಣೊರೆಸಿಕೊಂಡನಲ್ಲ, ಅವನೇ. ನೀವೂ ಅತ್ತಿರುತ್ತೀರಿ, ಇಲ್ಲವೆಂದು ಸುಳ್ಳು ಹೇಳಬೇಡಿ. ಆ ಹುಡುಗಿಗೆ ಹಿಡಿಶಾಪ ಹಾಕಿಯೂ ಇರುತ್ತೀರಿ. ನಾನು ಅವನ ಅಕ್ಕ. ನಿಮ್ಮ ಆ ಕಣ್ಣೀರಿನ ಬಗ್ಗೆ ನಾಲ್ಕು ಮಾತು ಹೇಳುವುದಿದೆ. ಕೋಪ ಬಂದರೆ ಬರಲಿ.

ನಮ್ಮದು ಸೀಟು ಹೊಲಿಯುವ ಅಂಗಡಿ. ಬೈಕು, ಸ್ಕೂಟರು, ವ್ಯಾನು, ಯಾವುದರ ಸೀಟು ಹರಿದರೂ ನಮ್ಮಲ್ಲಿಗೆ ಬರುತ್ತದೆ. ಅಪ್ಪ ಸಾಯುವಾಗ ಬಿಟ್ಟುಹೋದದ್ದು ಒಂದು ಹೊಲಿಗೆ ಮೆಷಿನ್ನು, ಒಂದು ದಪ್ಪ ಕತ್ತರಿ, ಒಬ್ಬ ತಮ್ಮ. ಅಮ್ಮ ಅದಕ್ಕೂ ಮೊದಲೇ ಹೋಗಿದ್ದಳು. ನನಗೆ ಮದುವೆಯೂ ಆಗಿತ್ತು. ಲಾರಿ ಹತ್ತಿ ಹೋದ ಗಂಡ ಇನ್ನೂ ಬರುತ್ತಲೇ ಇದ್ದಾನೆ. ಅವನ ಕಥೆ ಇಲ್ಲಿ ಬೇಡ, ಬಾಯಿ ಹೊಲಸಾಗುತ್ತದೆ. ಹೀಗಾಗಿ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ನಾನು. ಬೈಯುವ ಹಕ್ಕೂ ನನ್ನದೇ.

ಕೆಲಸದಲ್ಲಿ ಅವನತ್ತ ಬೆರಳು ತೋರಿಸುವಂತಿರಲಿಲ್ಲ. ರೆಕ್ಸಿನ್ ಕತ್ತರಿಸಿ ಹೊಲಿಯುವುದು ನನ್ನ ಪಾಲು, ಫೋಮು ಅವನದು. ಹಳೇ ಕವರಿನ ಪಿನ್ನುಗಳನ್ನು ಇಕ್ಕಳದಲ್ಲಿ ಒಂದೊಂದಾಗಿ ಕಿತ್ತು, ಕುಸಿದ ಜಾಗಕ್ಕೆ ಹೊಸ ಸ್ಪಂಜು ಅಂಟಿಸಿ, ಉದ್ದನೆಯ ಚಾಕುವಿನಲ್ಲಿ ಹೆರೆಯುತ್ತಿದ್ದ. ಆಮೇಲೆ ಕಣ್ಣು ಮುಚ್ಚಿ ಅಂಗೈಯಿಂದ ಸವರುತ್ತಿದ್ದ. "ಇಲ್ಲೊಂಚೂರು ಏರಿದೆ ಅಕ್ಕ," ಎನ್ನುತ್ತಿದ್ದ. ನನ್ನ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಬೆರಳಿಗೆ ಮೆತ್ತಿದ ಅಂಟು ಒರೆಸಿಕೊಳ್ಳಲು ಜೇಬಿನಲ್ಲಿ ಯಾವಾಗಲೂ ಒಂದು ಸ್ಪಂಜಿನ ಚೂರು ಇರುತ್ತಿತ್ತು. ನೀವು ಮುತ್ತಿನಂಥ ಮುಗ್ಧತೆ ಎಂದುಕೊಂಡದ್ದು ಅದನ್ನೇ.

ಅವನ ದೊಡ್ಡ ರೋಗವೆಂದರೆ ಏನನ್ನೂ ಬಾಯಿಬಿಟ್ಟು ಕೇಳದಿರುವುದು. ಊಟಕ್ಕೆ ಕೂತಾಗ ಇನ್ನೊಂದು ಸೌಟು ಹಾಕು ಎಂದವನಲ್ಲ. ಯಾರದ್ದಾದರೂ ಮನೆಗೆ ಹೋಗಿ ಬಾಯಾರಿದರೆ ನೀರು ಕೇಳದೆ ಉಗುಳು ನುಂಗಿಕೊಂಡು ಎದ್ದು ಬರುತ್ತಿದ್ದ. ಬೀದಿಯಲ್ಲಿ ನಡೆದರೆ ಗೋಡೆಗೆ ಒತ್ತಿಕೊಂಡು ನಡೆಯುತ್ತಿದ್ದ. ಅಂಗಡಿಗೆ ಬಂದವರು ಅವನ ಎದುರಲ್ಲೇ ನಿಂತು, "ಯಾರೂ ಇಲ್ವಾ?" ಎಂದು ಕೂಗುತ್ತಿದ್ದರು. ಅವನು ಇದ್ದೀನಿ ಎನ್ನುತ್ತಿರಲಿಲ್ಲ, ನಾನು ಒಳಗಿನಿಂದ ಬರಲಿ ಎಂದು ಕಾಯುತ್ತಿದ್ದ. ಇಂಥವನಿಗೆ ಒಲಿದು ಬಂದಳು ನೋಡಿ ಒಬ್ಬಳು.

ಹಿಂದಿನ ಬೀದಿಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಹುಡುಗಿ. ಮೂಗಿನ ತುದಿಯಲ್ಲಿ ಕೋಪ, ಬಾಯಿ ತುಂಬ ನಗು. ಮೊದಲ ಸಲ ಸ್ಕೂಟರಿನ ಹರಿದ ಸೀಟು ತಂದಳು. ತಮ್ಮ ಹಾಕಿಕೊಟ್ಟ. ಸ್ವಲ್ಪ ದಿನಕ್ಕೆ ಅದೇ ಸೀಟು ಮತ್ತೆ ತಂದಳು. ನಾನು ರೆಕ್ಸಿನ್ ತಿರುಗಿಸಿ ನೋಡಿದೆ. ಗೆರೆ ಎಳೆದ ಹಾಗೆ ನೇರಕ್ಕೆ ಸೀಳಿತ್ತು.

"ಇದು ಹರಿದಿದ್ದಲ್ಲಮ್ಮ, ಕುಯ್ದಿದ್ದು," ಎಂದೆ.

"ಅಯ್ಯೋ ಹೌದಾ ಅಕ್ಕ? ಬೆಕ್ಕಿರ್ಬೇಕು."

"ನಿಮ್ಮ ಬೆಕ್ಕು ಸ್ಕೇಲ್ ಇಟ್ಕೊಂಡು ಪರಚುತ್ತೆ ಅನ್ಸುತ್ತೆ."

ಅವಳ ಮುಖ ಕೆಂಪಾಯಿತು. ನನ್ನ ತಮ್ಮ ಎಂಬ ಪೆದ್ದಪ್ಪ ಏನು ಮಾಡಿದ ಗೊತ್ತೇ? ಪಾಪ, ಪದೇ ಪದೇ ಹರಿಯುತ್ತಿದೆಯಲ್ಲ ಎಂದು ಮರುಗಿ, ದಪ್ಪ ನೂಲಿನಲ್ಲಿ ಎರಡೆರಡು ಹೊಲಿಗೆ ಹಾಕಿಸಿ, ಕೆಳಗೆ ಕ್ಯಾನ್ವಾಸ್ ಬೇರೆ ಕೊಡಿಸಿ, ಇನ್ನು ಜನ್ಮದಲ್ಲಿ ಹರಿಯದ ಹಾಗೆ ಮಾಡಿಕೊಟ್ಟ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಯೂ ಅವನೇ. ಆಮೇಲೆ ಅವಳು ನೆಪ ಬಿಟ್ಟು ಸುಮ್ಮನೆ ಬರತೊಡಗಿದಳು. ಕೆಲಸ ಮುಗಿಸಿ ಸಂಜೆ ಬಂದು ನಮ್ಮ ಬೆಂಚಿನ ಮೇಲೆ ಕೂತರೆ ಲ್ಯಾಬಿನ ಕಥೆಯೆಲ್ಲ ಹೇಳುವಳು. ಮೀಸೆ ತಿರುವುತ್ತ ಬಂದವರು ಸೂಜಿ ಕಂಡ ಕೂಡಲೇ ಅಮ್ಮಾ ಎನ್ನುವುದನ್ನು ಮಾಡಿ ತೋರಿಸುವಳು. ಅವನು ಚಾಕು ಹಿಡಿದುಕೊಂಡು ನಗುವನು. ಅವನು ಶಬ್ದ ಮಾಡಿ ನಗುವುದನ್ನು ನಾನು ಕೇಳಿದ್ದು ಅದೇ ಮೊದಲು.

ಎರಡು ವರ್ಷ ಹೀಗೇ ಕಳೆಯಿತು. ಬೀದಿಗೆಲ್ಲ ಗೊತ್ತು, ಅವಳ ಅಮ್ಮನಿಗೂ ಗೊತ್ತು. ಇವನು ಮಾತ್ರ ಬಾಯಿ ಬಿಡಲೊಲ್ಲ. ತಾಳ್ಮೆ ತಪ್ಪಿ, "ನಾನೇ ಕೇಳಿಬಿಡ್ತೀನಿ ಕಣೇ," ಎಂದೆ.

"ನೀವು ಕೇಳಿದ್ರೆ ನಾನು ನಿಮ್ಮನ್ನ ಮದುವೆ ಆದ ಹಾಗಾಗುತ್ತೆ ಅಕ್ಕ. ಅವರೇ ಕೇಳ್ಲಿ," ಎಂದಳು.

ಆಗ ಬಂದಿತು ಆ ಟೀವಿಯವರ ವ್ಯಾನು. ಒಳಗಿನ ಸೀಟುಗಳೆಲ್ಲ ಕಿತ್ತುಹೋಗಿದ್ದವು. ಜೊತೆಗೆ ಬಂದಿದ್ದವನು ಕುತ್ತಿಗೆಗೆ ಹೆಡ್‌ಫೋನ್ ನೇತುಹಾಕಿಕೊಂಡ ಒಬ್ಬ ಸಣಕಲ. ಹೆಸರು ಏನೋ ಹೇಳಿದ, ನಾವು ಹೆಡ್‌ಫೋನ್ ಎಂದೇ ಕರೆದೆವು. ಸೀಟು ಮುಗಿಯುವ ತನಕ ನಮ್ಮ ಬೆಂಚಿನಲ್ಲಿ ಕೂತ. ಹುಡುಗಿ ಬಂದದ್ದು, ಕೂತದ್ದು, ಇವನು ಬಾಯಿಗೆ ಬಂದ ಮಾತನ್ನು ನುಂಗಿದ್ದು ಎಲ್ಲ ನೋಡಿದ. ಅವನ ಕಣ್ಣುಗಳು ಮಿಣಮಿಣ ಅಂದವು.

"ಅಕ್ಕಾ, ನಮ್ಮ ಶೋ ನೋಡ್ತೀರಲ್ಲ? 'ಒಪ್ತಾಳಾ? ಒಪ್ಪಲ್ವಾ?' ಅಂತ. ಹುಡುಗ ಸ್ಟೇಜ್ ಮೇಲೆ ಕೇಳ್ತಾನೆ, ಹುಡುಗಿ ಹೇಳ್ತಾಳೆ. ಅಷ್ಟೇ. ನಿಮ್ಮ ತಮ್ಮನಂಥೋರು ಬೇಕು ನಮಗೆ. ನಿಜವಾದ ಜನ!"

ನಾನು ಪೊರಕೆ ತೋರಿಸಿದೆ. ಆದರೆ ತಮ್ಮ ಚಾಕು ಕೆಳಗಿಟ್ಟು ಕೇಳಿದ, "ಅಲ್ಲಿ ಏನ್ ಮಾತಾಡ್ಬೇಕು ಅಂತ ಹೇಳ್ಕೊಡ್ತಾರಾ?" ಎಂದು. ಹೇಳಿಕೊಡುತ್ತಾರೆ ಎಂದದ್ದೇ ಅವನಿಗೆ ಜೀವ ಬಂದಂತಾಯಿತು. ಹುಡುಗಿಯನ್ನು ಕೇಳಿದರೆ ಅವಳು ಹಣೆ ಚಚ್ಚಿಕೊಂಡು ನಕ್ಕಳು. "ಅಂತೂ ಕೇಳ್ತಾರಲ್ಲ ಅಕ್ಕ! ಸ್ಟೇಜ್ ಮೇಲಾದ್ರೂ ಕೇಳ್ಲಿ, ಮರದ ಮೇಲಾದ್ರೂ ಕೇಳ್ಲಿ," ಎಂದಳು. ಸೀಸನ್ ಮುಗಿಯುವ ತನಕ ಒಳಗಿನ ಸಂಗತಿ ಹೊರಗೆ ಹೇಳುವಂತಿಲ್ಲ, ಇಬ್ಬರೂ ಜೊತೆಯಲ್ಲಿ ಕಾಣಿಸಿಕೊಳ್ಳುವಂತಿಲ್ಲ ಎಂದು ಅವರಿಬ್ಬರಿಂದ ಸಹಿ ಹಾಕಿಸಿಕೊಂಡ ಹೆಡ್‌ಫೋನ್.

ಶೂಟಿಂಗಿಗೆ ನಾನೂ ಹೋದೆ. ಹೊರಗಿನಿಂದ ಗೋದಾಮು, ಒಳಗೆ ಅರಮನೆ. ಪ್ಲಾಸ್ಟಿಕ್ ಹೂವು, ಥರ್ಮೊಕೋಲ್ ಕಂಬ. ನಮ್ಮನ್ನು ಪ್ರೇಕ್ಷಕರೆಂದು ಕೂರಿಸಿ, ಯಾರೂ ಏನೂ ಮಾಡುವ ಮೊದಲೇ ಅರ್ಧ ಗಂಟೆ ಚಪ್ಪಾಳೆ ತಟ್ಟಿಸಿಕೊಂಡರು. ಆಮೇಲೆ, "ಈಗ ಶಾಕ್ ಆಗಿ," ಎಂದರು, ಶಾಕ್ ಆದೆವು. "ಈಗ ಕಣ್ಣೊರೆಸಿಕೊಳ್ಳಿ," ಎಂದರು. ಪಕ್ಕದಲ್ಲಿದ್ದ ಹೆಂಗಸು, "ನಾನು ದಿನಾ ಬರ್ತೀನಿ, ನನಗೆ ಅಭ್ಯಾಸ," ಎಂದು ಸೆರಗಿಗೆ ಕೈ ಹಾಕಿದಳು.

ತಮ್ಮನನ್ನು ಮಂಡಿಯೂರಿಸಿದರು. ಸೀಟಿನ ಅಳತೆ ತೆಗೆಯುವವನ ಹಾಗೆ ಕೂತ. ಹೇಳಿಕೊಟ್ಟ ಮಾತೆಲ್ಲ ಮರೆತುಹೋಗಿ ಬೆವರಿದ.

"ನೀವು... ನಮ್ಮ ಅಂಗಡಿಗೆ... ಅಂದ್ರೆ ನಮ್ಮನೆಗೆ... ನನ್ನ ಜೊತೆ... ಬರ್ತೀರಾ?"

ಅವಳು ನಗಲಿಲ್ಲ. ಅಷ್ಟು ಜನರ ನಡುವೆ ಅವನೊಬ್ಬನನ್ನೇ ನೋಡಿದಳು. "ಎರಡು ವರ್ಷದಿಂದ ದಿನಾ ಬರ್ತಾನೇ ಇದ್ದೀನಲ್ಲ. ಹೂಂ, ಬರ್ತೀನಿ. ಇನ್ನು ವಾಪಸ್ ಹೋಗಲ್ಲ," ಎಂದಳು.

ಈ ಸಲ ಯಾರೂ ಹೇಳದೆ ಕಣ್ಣೊರೆಸಿಕೊಂಡೆ. ಅಮ್ಮ ಇದ್ದಿದ್ದರೆ ಎನಿಸಿತು.

ಡೈರೆಕ್ಟರ್ ಮೈಕಿನಲ್ಲಿ, "ಸೂಪರ್. ಈಗ ಬೇಡ ಅನ್ನೋದು ತಗೊಳ್ಳೋಣ," ಎಂದ. ಎರಡೂ ಉತ್ತರ ಮಾಡಿಸುವುದು ಅವರ ಪದ್ಧತಿಯಂತೆ. ಯಾವುದು ಟೀವಿಯಲ್ಲಿ ಬರುತ್ತದೆಂದು ಬಂದ ಜನಕ್ಕೆ ತಿಳಿಯಬಾರದು, ತಿಳಿದರೆ ಬೀದಿಯೆಲ್ಲ ಸಾರುತ್ತಾರೆ. ನಿಜ ಯಾವುದೋ ಅದೇ ಬರುತ್ತದೆ, ಹೆದರಬೇಡಿ ಎಂದ. ಹುಡುಗಿಗೆ ಬೇಡ ಎನ್ನಲು ಬಾಯೇ ಬಾರದು. ಎನ್ನಲು ಹೋಗಿ ಕಿಸಕ್ಕೆಂದು ನಗುವಳು. ಕೊನೆಗೆ ಡೈರೆಕ್ಟರ್ ಹೇಳಿಕೊಟ್ಟ: "ಸೂಜಿ ಚುಚ್ಚುವಾಗ ಮುಖ ಹೇಗಿಟ್ಕೋತೀರಿ? ಹಾಗಿಡಿ." ಅವಳು ಆ ಮುಖ ಹಾಕಿಕೊಂಡಳು. "ಇಲ್ಲ. ನನಗೆ ನೀವು ಬೇಡ," ಎಂದಳು.

ನಾಟಕವೆಂದು ಅವನಿಗೆ ಗೊತ್ತಿತ್ತು. ಆದರೂ ಮುಖ ಕುಸಿಯಿತು. ಬಿಕ್ಕಿ ಬಿಕ್ಕಿ ಅತ್ತ, ಜೇಬಿಗೆ ಕೈಹಾಕಿ ಆ ಚೂರು ತೆಗೆದು ಒರೆಸಿಕೊಂಡ. ಇಡೀ ಗೋದಾಮು ಗಪ್‌ಚಿಪ್. ಕಟ್ ಎಂದದ್ದೇ ಅವಳು ಓಡಿಬಂದು, "ಏ ಪೆದ್ದಪ್ಪಾ, ಸುಳ್ಳು ಕಣೋ, ಸುಳ್ಳು!" ಎಂದು ಅವನ ತಲೆ ಎದೆಗೊತ್ತಿಕೊಂಡಳು. ಅವಳು ಅವನನ್ನು ನೀನು ಎಂದದ್ದು ಅವತ್ತೇ ಮೊದಲು.

ಪ್ರಸಾರದ ದಿನ ಅವನು ಹೊಸ ಅಂಗಿ ಹಾಕಿಕೊಂಡು ಟೀವಿ ಮುಂದೆ ಕೂತ. ಅವಳು ಅವಳ ಮನೆಯಲ್ಲಿ ಅಮ್ಮನ ಜೊತೆ. ನಿರೂಪಕಿ ಬಂದಳು, ಸಂಗೀತ ಬಂತು, ಇವನು ಮಂಡಿಯೂರಿದ. ಹುಡುಗಿಯ ಮುಖ ತೋರಿಸಿದರು, ಗುಡುಗಿನ ಸದ್ದು ಹಾಕಿದರು. "ಇಲ್ಲ. ನನಗೆ ನೀವು ಬೇಡ."

ನನ್ನ ಕೈಯಲ್ಲಿದ್ದ ಲೋಟ ಬಿತ್ತು. ಅವನು ಬೆಪ್ಪಾಗಿ ನನ್ನ ಕಡೆ ನೋಡಿದ. ಫೋನು ಮಾಡಿದರೆ ಹುಡುಗಿ ಮೊದಲು ನಕ್ಕಳು, ಆಮೇಲೆ ಅತ್ತಳು. "ಸೀಸನ್ ಮುಗೀಲಿ. ನಾವಿಬ್ಬರೂ ಹೇಳಿದ್ರೆ ಆಯ್ತು. ಏನಂತೆ ಈಗ," ಎಂದು ಅವಳೇ ಇವನಿಗೆ ಸಮಾಧಾನ ಹೇಳಿದಳು.

ಬೆಳಗ್ಗೆ ಅಂಗಡಿ ಮುಂದೆ ಜನ. ಯಾರೂ ಸೀಟು ತಂದಿರಲಿಲ್ಲ. "ಅಣ್ಣಾ, ಒಂದೇ ಒಂದು ಫೋಟೋ!" "ಅಯ್ಯೋ ಮಗನೇ, ಆ ಪಾಪಿ ಮುಂಡೆಗೆ ಒಳ್ಳೇದಾಗಲ್ಲ ಬಿಡು!" ಹೆಂಗಸರು ಅವನ ಗಲ್ಲ ಸವರಿದರು. ವಾರದೊಳಗೆ ಅವನಿಗೆ ಸ್ಪಂಜಣ್ಣ ಎಂದು ಹೆಸರಾಯಿತು. ಜನ ಅವನ ಅಳುವಿಗೆ ಶೋಕದ ಹಾಡು ಸೇರಿಸಿ ಫೋನುಗಳಲ್ಲಿ ಹಂಚಿದರು. ಮದುವೆ ಮುರಿದವರು, ಪರೀಕ್ಷೆಯಲ್ಲಿ ಬಿದ್ದವರು, ಕ್ರಿಕೆಟ್ಟಿನಲ್ಲಿ ಸೋತವರು ಎಲ್ಲರೂ ಸ್ಪಂಜು ಹಿಡಿದು ಅತ್ತರು. ಅಂಗಡಿಗಳ ಉದ್ಘಾಟನೆಗೆ ಕರೆದರು. ಅವನು ರಿಬ್ಬನ್ ಕತ್ತರಿಸಿ, ಎರಡು ಹನಿ ಕಣ್ಣೀರು ಹಾಕಿ ಬರಬೇಕು. ಊಟದಲ್ಲಿ ಇನ್ನೊಂದು ಸೌಟು ಕೇಳದವನಿಗೆ ಜನ ತಟ್ಟೆ ಹಿಡಿದುಕೊಂಡು ಹಿಂದೆ ಓಡಾಡಿದರು.

ಆ ಕಡೆ ಹುಡುಗಿಯ ಪಾಡು ಕೇಳಿ. ಲ್ಯಾಬಿಗೆ ಬಂದವರು ಅವಳನ್ನು ಕಂಡು ತೋಳು ಹಿಂದಕ್ಕೆಳೆದುಕೊಂಡರು. "ಇವಳ ಕೈಯಲ್ಲಿ ಬೇಡಪ್ಪ. ಕಲ್ಲು ಮನಸ್ಸು. ಬೇಕಂತಲೇ ಚುಚ್ಚಿಬಿಟ್ರೆ?" ಎಂದರು. ಅಷ್ಟು ನೋವಿಲ್ಲದ ಹಾಗೆ ಸೂಜಿ ಹಾಕುವ ಕೈ ಅದು. ಲ್ಯಾಬಿನ ಯಜಮಾನ ಅವಳನ್ನು ಹಿಂದಿನ ಕೋಣೆಗೆ ಹಾಕಿದ, ಬಾಟಲಿ ತೊಳೆಯಲು. ಅವಳ ಅಮ್ಮ ಅಂಗಡಿಗೆ ಹೋದರೆ ಜನ ಮಾತು ನಿಲ್ಲಿಸಿ ದಾರಿ ಬಿಡುತ್ತಿದ್ದರು. ಆ ತಾಯಿ ಹೊರಗೆ ಬರುವುದನ್ನೇ ಬಿಟ್ಟರು. ಸಹಿ ಗಿಹಿ ಎಲ್ಲ ಮರೆತು ಹುಡುಗಿ ಒಂದು ದಿನ ಪಕ್ಕದ ಮನೆಯವರಿಗೆ, ನಾನು ಒಪ್ಪಿಕೊಂಡಿದ್ದೆ ಎಂದು ಹೇಳಿಯೇಬಿಟ್ಟಳು. ಅವರು ಬಿದ್ದು ಬಿದ್ದು ನಕ್ಕರು. "ಈಗ ಅವನು ದೊಡ್ಡ ಮನುಷ್ಯ ಆದ ನೋಡು, ಒಪ್ಪಿದ್ದೆ ಅಂತಾಳೆ," ಎಂದರು. ಊರ ಬಾಯಿಗೆ ಬೀಗ ಹಾಕುವವರು ಯಾರು?

ನನಗೆ ತಡೆಯಲಾಗಲಿಲ್ಲ. ನೇರ ಟೀವಿಯವರ ಆಫೀಸಿಗೆ ಹೋದೆ. ಹೆಡ್‌ಫೋನ್ ಸಿಕ್ಕ. "ಆ ಹುಡುಗಿ ಹೂಂ ಅಂದಿದ್ದು ಇದೆಯಲ್ಲ, ಅದನ್ನ ಹಾಕಿ. ಒಂದು ಹೆಣ್ಣಿನ ಬಾಳು," ಎಂದೆ.

ಅವನು ಕಾಫಿ ಹೀರುತ್ತ ಹೇಳಿದ. "ಅದು ಇಲ್ಲ ಅಕ್ಕ."

"ಇಲ್ಲ ಅಂದ್ರೆ?"

"ರೆಕಾರ್ಡೇ ಆಗಿಲ್ಲ. ಅದಕ್ಕಿಂತ ಹಿಂದಿನ ವಾರಗಳಲ್ಲೆಲ್ಲ ಹುಡುಗೀರು ಒಪ್ಕೊಂಡು ಒಪ್ಕೊಂಡು ಜನ ಆಕಳಿಸ್ತಿದ್ರು. ನಿಮ್ಮ ತಮ್ಮನ ವಾರಕ್ಕೆ ಬೇಡ ಅನ್ನೋದೇ ಅಂತ ಮೊದಲೇ ತೀರ್ಮಾನ ಆಗಿತ್ತು. ನಿಜವಾದ ಉತ್ತರ ಒಂದ್ಸಲ ಹೇಳಿಸಿಬಿಟ್ರೆ ಮನಸ್ಸು ಹಗುರ ಆಗಿ ಸುಳ್ಳನ್ನ ಚೆನ್ನಾಗಿ ಹೇಳ್ತಾರೆ. ಅದಕ್ಕೆ ಅದನ್ನ ಸುಮ್ನೆ ಮಾಡಿಸೋದು. ಕ್ಯಾಮೆರಾದಲ್ಲಿ ಕೆಂಪು ದೀಪ ಹತ್ತಿರ್ಲಿಲ್ಲ, ನೀವು ನೋಡ್ಲಿಲ್ವಾ?"

ನಾನು ದೀಪ ಎಲ್ಲಿ ನೋಡುತ್ತಿದ್ದೆ? ಅವರಿಬ್ಬರ ಮುಖ ನೋಡುತ್ತಿದ್ದೆ. ಅವನ ಕಾಫಿ ಅವನ ತಲೆ ಮೇಲೆ ಸುರಿದು ಬಂದೆ. ಬಿಸಿ ಆರಿತ್ತು, ಅದೊಂದೇ ಬೇಜಾರು. ಆದರೆ ಆ ಹುಡುಗಿಯ ಒಪ್ಪಿಗೆ ಜಗತ್ತಿನಲ್ಲಿ ಎಲ್ಲಿಯೂ ಉಳಿದಿರಲಿಲ್ಲ. ಅವತ್ತು ಕೂತಿದ್ದ ಪ್ರೇಕ್ಷಕರಿಗೆ ಎರಡು ಉತ್ತರವೂ ನಾಟಕವೇ. ನಾನು ಹೇಳಿದರೆ, ತಮ್ಮನಿಗೆ ಹೆಣ್ಣು ಸಿಗಲಿ ಎಂದು ಅಕ್ಕ ಹೇಳುತ್ತಾಳೆ ಎನ್ನುವರು. ಅವಳು ಹೇಳಿದರೆ ನಗುವರು. ಹೌದು, ಅವಳು ಒಪ್ಪಿದ್ದಳು ಎಂದು ಅವನೊಬ್ಬ ಹೇಳಬೇಕು. ಅವನು ಹೇಳಿದರೆ ಊರು ನಂಬುತ್ತದೆ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಇಲ್ಲಿ ಒಂದು ನಿಜ ಹೇಳಿದ್ದರೆ ಸಾಕಿತ್ತು.

ಅವನಿಗೆ ಎಲ್ಲ ಹೇಳಿದೆ. ತಲೆ ತಗ್ಗಿಸಿ ಕೇಳಿದ. ಸೀಸನ್ನಿನ ಕೊನೆಯ ದಿನ ನೇರ ಪ್ರಸಾರ ಇದೆ, ಇಬ್ಬರನ್ನೂ ಕರೆದಿದ್ದಾರೆ, ಆವತ್ತು ಸ್ಟೇಜಿನ ಮೇಲೇ ಹೇಳುತ್ತೇನೆ ಎಂದ. ಹುಡುಗಿಗೂ ಫೋನಿನಲ್ಲಿ ಮಾತು ಕೊಟ್ಟ. ಆ ಮಾತು ನಂಬಿಯೇ ಅವಳು ಮತ್ತೆ ಆ ಗೋದಾಮಿಗೆ ಬರಲು ಒಪ್ಪಿದ್ದು.

ಆದರೆ ದಿನ ಹತ್ತಿರವಾದಂತೆ ನನಗೆ ಹುಳ ಕೊರೆಯಲು ಶುರುವಾಯಿತು. ಮೊದಲೆಲ್ಲ ಕೈಗೆ ಸಿಕ್ಕ ಕಸದ ಚೂರು ಜೇಬಿಗೆ ಹಾಕಿಕೊಳ್ಳುತ್ತಿದ್ದವನು ಈಗ ಹೊಸ ಸ್ಪಂಜಿನ ಹಾಳೆಯಿಂದ ಅಂದವಾಗಿ ಚೌಕ ಕತ್ತರಿಸಿ, ಅಂಚು ಹೆರೆದು ಸಾಲಾಗಿ ಇಡುತ್ತಿದ್ದ. ಬಚ್ಚಲ ಕನ್ನಡಿ ಮುಂದೆ ನಿಂತು ತುಟಿ ನಡುಗಿಸಿ ನೋಡಿಕೊಳ್ಳುತ್ತಿದ್ದ. ಹುಡುಗಿ ಫೋನು ಮಾಡಿದರೆ, "ಈಗ ಬೇಡಾರೀ, ಜನ ಇದ್ದಾರೆ," ಎನ್ನುತ್ತಿದ್ದ. ಮಾಡಬೇಕಾದ ಸೀಟುಗಳು ಗೋಡೆಗೊರಗಿ ಧೂಳು ತಿನ್ನುತ್ತಿದ್ದವು. ಒಂದು ಮಧ್ಯಾಹ್ನ ಇಕ್ಕಳ ಅವನ ಕಾಲ ಬಳಿ ಎಸೆದೆ.

"ಏನೋ, ಕಣ್ಣೀರಿನ ಅಂಗಡಿ ಇಟ್ಟಿದ್ದೀಯಾ? ಆ ಹುಡುಗಿ ಬಾಟಲಿ ತೊಳೀತಿದ್ದಾಳೆ. ಗೊತ್ತಿದ್ಯಾ ನಿನಗೆ?"

"ಗೊತ್ತು ಅಕ್ಕ. ಹೇಳ್ತೀನಿ ಅಂದಿದ್ದೀನಲ್ಲ."

"ಹೇಳೋನ ಮುಖ ಹೀಗಿರುತ್ತಾ?"

ಅವನು ಇಕ್ಕಳ ಎತ್ತಿ ಬೆಂಚಿನ ಮೇಲಿಟ್ಟ. "ಹೆಡ್‌ಫೋನ್ ಹೇಳ್ತಿದ್ದ. ನಿಜ ಹೇಳಿದ್ರೆ ನನ್ನನ್ನ ಕಳ್ಳ ಅಂತಾರಂತೆ. ಇಷ್ಟು ದಿನ ಸುಳ್ಳು ಅತ್ತೆ ಅಂತಾರಂತೆ."

"ಅನ್ಲಿ ಬಿಡೋ! ಎರಡು ದಿನ ಅಂದು ಮರೀತಾರೆ."

"ಅದೇ ಅಕ್ಕ," ಎಂದ ಸಣ್ಣಗೆ. "ಮರೀತಾರೆ. ಹುಟ್ಟಿದಾಗಿಂದ ನನ್ನನ್ನ ಯಾರೂ ನೋಡಿರ್ಲಿಲ್ಲ. ಈಗ ನೋಡ್ತಿದ್ದಾರೆ."

"ಅವಳು ನೋಡಿರ್ಲಿಲ್ವಾ?"

"ಅವರೊಬ್ಬರು."

"ಒಬ್ಬರು ಸಾಲ್ದೇನೋ?"

ಅವನು ಒಂದು ಚೌಕ ಎತ್ತಿಕೊಂಡು ಅಂಚು ಹೆರೆಯತೊಡಗಿದ. ನನಗೆ ಸಿಟ್ಟು ನೆತ್ತಿಗೇರಿತು, ಅದರ ಹಿಂದೆಯೇ ಅಯ್ಯೋ ಎನಿಸಿತು. ಎದುರಲ್ಲಿ ನಿಂತು ಯಾರೂ ಇಲ್ವಾ ಎಂದು ಕೂಗಿಸಿಕೊಂಡು ಬೆಳೆದವನು. ಅವನನ್ನು ಪೂರ್ತಿ ಬೈಯಲೂ ನನ್ನಿಂದಾಗಲಿಲ್ಲ, ಆವತ್ತು.

ಕೊನೆಯ ದಿನ ಬಂತು. ಗೋದಾಮು ಕಿಕ್ಕಿರಿದಿತ್ತು. ಅರ್ಧ ಜನರ ಕೈಯಲ್ಲಿ ಹಳದಿ ಸ್ಪಂಜು. ಹುಡುಗಿ ಬಂದಾಗ "ಹೋ" ಎಂದು ಕೂಗಿ ಅಣಕಿಸಿದರು. ಅವಳು ಬಿಳಿಚಿಕೊಂಡಿದ್ದಳು, ಆದರೆ ಬೆನ್ನು ನೆಟ್ಟಗಿತ್ತು. ನನ್ನನ್ನು ಕಂಡು ಕಣ್ಣಲ್ಲೇ ನಕ್ಕಳು. ಅವಳ ಅಮ್ಮ ನನ್ನ ಪಕ್ಕ ಕೂತು ನನ್ನ ಕೈ ಹಿಡಿದುಕೊಂಡಿದ್ದರು. ಎಷ್ಟೋ ದಿನದ ಮೇಲೆ ಮನೆಯಿಂದ ಹೊರಗೆ ಬಂದಿದ್ದರು ಆಕೆ, ಮಗಳ ಮೇಲಿನ ಮಾತು ತೊಳೆದುಹೋಗುವುದನ್ನು ನೋಡಲು.

ಆಮೇಲೆ ತಮ್ಮ ಬಂದ. ಜನ ಎದ್ದು ನಿಂತರು. "ಸ್ಪಂಜಣ್ಣಾ! ಸ್ಪಂಜಣ್ಣಾ!" ಎಂಬ ಕೂಗಿಗೆ ಥರ್ಮೊಕೋಲ್ ಕಂಬ ಅದುರಿತು. ಗೋಡೆಗೊತ್ತಿಕೊಂಡು ನಡೆಯುತ್ತಿದ್ದವನು ಎರಡೂ ಕೈ ಎತ್ತಿ ಮುಗಿದ. ನಿರೂಪಕಿ ದನಿ ಇಳಿಸಿ, "ಅವರು ಇವತ್ತು ನಿಮ್ಮ ಮುಂದೆ ಇದ್ದಾರೆ. ಏನು ಹೇಳ್ತೀರಿ?" ಎಂದಳು. ಗದ್ದಲ ನಿಂತಿತು.

ಅವನು ಅವಳ ಕಡೆ ತಿರುಗಿದ. ಬಾಯಿ ತೆರೆದ. ದೇವರಾಣೆ ಹೇಳುತ್ತೇನೆ, ಆ ಕ್ಷಣದಲ್ಲಿ ನಿಜವೇ ಅವನ ನಾಲಿಗೆ ಮೇಲಿತ್ತು. ಹುಡುಗಿ ಸಣ್ಣಗೆ ತಲೆಯಾಡಿಸಿದಳು, ಹೇಳು ಎನ್ನುವಂತೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ, "ಅಳಬೇಡಣ್ಣಾ, ನಾವಿದ್ದೀವಿ!" ಎಂದು ಕೂಗಿದರು. ಇನ್ನೊಬ್ಬರು ಕೂಗಿದರು, ಮತ್ತೊಬ್ಬರು ಕೂಗಿದರು. ಅವನ ತುಟಿ ನಡುಗಿತು. ಕೈ ಜೇಬಿಗೆ ಹೋಯಿತು.

"ನಾನು..." ಎಂದ. "ನಾನು ಇವರನ್ನ ಕ್ಷಮಿಸಿದ್ದೀನಿ."

ಸಿಡಿಲು ಹೊಡೆದ ಹಾಗೆ ಚಪ್ಪಾಳೆ. ಮುದುಕಿಯರು ಸೆರಗು ಕಚ್ಚಿಕೊಂಡು ಅತ್ತರು. ಸ್ಪಂಜುಗಳು ಗಾಳಿಯಲ್ಲಿ ಹಾರಿದವು. ಅವಳ ಅಮ್ಮ ನನ್ನ ಕೈ ಬಿಟ್ಟರು. ನಿರೂಪಕಿ ಹುಡುಗಿಯ ಮೂತಿಗೆ ಮೈಕು ಹಿಡಿದು, "ಇಂಥ ದೊಡ್ಡ ಮನಸ್ಸು! ಈಗ ಏನಂತೀರಿ?" ಎಂದಳು. ಹುಡುಗಿ ಅವನನ್ನೇ ನೋಡಿದಳು.

"ಥ್ಯಾಂಕ್ಸ್," ಎಂದಳು. ಇಳಿದು ಹೋದಳು.

ಮೇಕಪ್ ಕೋಣೆಯಲ್ಲಿ ಅವನ ಕೆನ್ನೆಗೆ ಬಾರಿಸಿದೆ. ಬೆಳೆದ ಮೇಲೆ ಹೊಡೆದಿರಲಿಲ್ಲ. "ಬಾಯಿಗೆ ಬಂದುಬಿಡ್ತು ಅಕ್ಕ. ಹೇಗೆ ಬಂತೋ ಗೊತ್ತಿಲ್ಲ," ಎಂದ. ಗೊತ್ತಿಲ್ಲದಿರುವುದೂ ನಿಜವೇ ಇರಬೇಕು. ಮಾಡಿದ್ದುಣ್ಣೋ ಮಹರಾಯ ಎಂದು ಕೈ ತೊಳೆದುಕೊಳ್ಳಬಹುದಿತ್ತು ನಾನು. ಆದರೆ ಉಣ್ಣುತ್ತಿದ್ದವಳು ಅವಳು, ಅವನಲ್ಲ.

ಬೆಳಗಾದದ್ದೇ ಅವನನ್ನು ಅಂಗಿ ಹಿಡಿದು ಎಳೆದುಕೊಂಡು ಅವಳ ಮನೆಗೆ ಹೊರಟೆ. ಅವನೂ ಬೇಡವೆನ್ನಲಿಲ್ಲ, ರಾತ್ರಿಯಿಡೀ ಅನ್ನ ಮುಟ್ಟಿರಲಿಲ್ಲ. ಬೀದಿಯಲ್ಲಿ ಜನ ಸ್ಪಂಜಣ್ಣಾ ಎಂದು ಹಿಂದೆ ಬಿದ್ದರು. ನಾನು ತಿರುಗಿ ಬೈದೆ. ಬೈದದ್ದನ್ನೂ ಫೋನಿನಲ್ಲಿ ಹಿಡಿದುಕೊಂಡರು. ಬಾಗಿಲು ತಟ್ಟಿದೆ. ಹುಡುಗಿಯೇ ತೆಗೆದಳು. ಕೆಲಸಕ್ಕೆ ಹೊರಟಿದ್ದಳು, ಹೆಗಲಲ್ಲಿ ಚೀಲವಿತ್ತು. ಹಿಂದೆ ಅವಳ ಅಮ್ಮ ಗೋಡೆಗೊರಗಿ ನಿಂತಿದ್ದರು.

"ನನ್ನಿಂದ ತಪ್ಪಾಯ್ತು," ಎಂದ ತಮ್ಮ. "ನೀವು ಹೂಂ ಅಂದಿದ್ರಿ. ಇನ್ನು ವಾಪಸ್ ಹೋಗಲ್ಲ ಅಂದಿದ್ರಿ. ಈಗಲೇ ಎಲ್ಲರಿಗೂ ಹೇಳ್ತೀನಿ. ಟೀವಿಯೋರನ್ನ ಕರೆಸ್ತೀನಿ, ನೇರ ಪ್ರಸಾರದಲ್ಲೇ ಹೇಳ್ತೀನಿ..."

"ಟೀವಿ ಬೇಡ," ಎಂದಳು. ದನಿ ಗಟ್ಟಿಯಾಗಿತ್ತು. "ಯಾರಿಗೂ ಹೇಳೋದು ಬೇಡ. ಊರು ಏನಾದ್ರೂ ಅಂದ್ಕೊಳ್ಲಿ, ನಾನು ಬಾಟಲಿ ತೊಳ್ಕೊಂಡೇ ಇರ್ತೀನಿ. ನನಗೊಬ್ಬಳಿಗೇ ಹೇಳು. ನಾನು ಒಪ್ಪಿದ್ದು ನಿನಗೆ ನೆನಪಿದೆಯಾ? ಕ್ಯಾಮೆರಾ ಇಲ್ದೇ ಹೋದ್ರೂ ಅದು ನಿಜ ಅಂತ ನಿನಗನ್ಸುತ್ತಾ?"

"ನೆನಪಿದೆ," ಎಂದ ಅವನು. ಮಾತು ಮುರಿಯಿತು. ಕಣ್ಣಲ್ಲಿ ನೀರು ತುಂಬಿ ಕೆನ್ನೆ ಮೇಲೆ ಇಳಿಯಿತು, ಮೂಗು ಸೋರಿತು, ಮುಖ ವಿಕಾರವಾಯಿತು. ಟೀವಿಯಲ್ಲಿ ಕಂಡಂಥ ಅಳುವಲ್ಲ ಅದು. ಅಮ್ಮ ಸತ್ತ ದಿನ ನನ್ನ ಮಡಿಲಲ್ಲಿ ಮುಖವಿಟ್ಟು ಅತ್ತ ಹಾಗೆ ಅಳುತ್ತಿದ್ದ. ಹುಡುಗಿಯ ಹೆಗಲಿಂದ ಚೀಲ ಜಾರಿತು. ಅವಳು ಹೊಸಿಲು ದಾಟಿ ಒಂದು ಕಾಲು ಹೊರಗಿಟ್ಟಳು, ಅವನ ಮುಖದ ಕಡೆಗೆ ಕೈ ಚಾಚಿದಳು. ಮುಗಿಯಿತು, ಇನ್ನು ಎಲ್ಲ ಸರಿಹೋಯಿತು ಎಂದು ನಾನು ಕಣ್ಣು ಮುಚ್ಚಿ ಉಸಿರು ಬಿಟ್ಟೆ.

"ಅಣ್ಣಾ, ಮುಖ ಕಾಣ್ತಿಲ್ಲ! ಒಂಚೂರು ಈ ಕಡೆ!" ಎಂದು ಎದುರು ಮನೆಯಾತ ಜಗಲಿಯಿಂದ ಫೋನು ಎತ್ತಿ ಹಿಡಿದು ಕೂಗಿದ.

ನಾನು ಕಣ್ಣು ತೆರೆದಾಗ ನನ್ನ ತಮ್ಮ ಆ ಕಡೆ ತಿರುಗಿದ್ದ.

ಬೇಕೆಂದು ತಿರುಗಿದನೋ ತಾನಾಗಿಯೇ ಕತ್ತು ತಿರುಗಿತೋ, ಅವನಿಗೇ ತಿಳಿದಿರಲಿಕ್ಕಿಲ್ಲ. ಅವಳ ಕೈ ಅಲ್ಲೇ ಗಾಳಿಯಲ್ಲಿ ನಿಂತಿತ್ತು. ಅವಳು ಅದನ್ನು ಹಿಂದಕ್ಕೆ ತೆಗೆದುಕೊಂಡಳು, ಬಗ್ಗಿ ಚೀಲ ಎತ್ತಿಕೊಂಡಳು, ಒಳಗೆ ಹೋಗಿ ಸದ್ದಾಗದ ಹಾಗೆ ಬಾಗಿಲು ಹಾಕಿಕೊಂಡಳು. ಅವನು ಇತ್ತ ತಿರುಗುವಷ್ಟರಲ್ಲಿ ಒಳಗಿನಿಂದ ಚಿಲಕ ಬಿದ್ದಿತ್ತು. "ಅಕ್ಕ, ಬಾಗಿಲು ತಟ್ಟು, ಇನ್ನೊಂದ್ಸಲ ತಟ್ಟು," ಎಂದು ಅವನು ನನ್ನ ಕೈ ಹಿಡಿದು ಬೇಡಿಕೊಂಡ. ನಾನು ತಟ್ಟಲಿಲ್ಲ.